ಗುಣಾಢ್ಯನ ಪಣವೂ ಅಪೂರ್ವಭಾಷಾಶಿಕ್ಷಣದ ನಿಯಮವೂ

ಮೇಜಿನ ಸುತ್ತ ನಾಲ್ಕಾರು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಕಲ್ಪಿತಪಾತ್ರವನ್ನು ವಹಿಸಿ, ಸಂದೇಹಸ್ಥಳಗಳಲ್ಲಿ ದಾಳವನ್ನುರುಳಿಸಿ ಕಥೆಯನ್ನು ಮುಂದುವರಿಸುವ ಆಟಗಳು ಈಚೆಗೆ ನಮ್ಮ ಯುವಕರಲ್ಲಿಯೂ ಪ್ರಚಾರಕ್ಕೆ ಬಂದಿವೆ. ಇವುಗಳಲ್ಲಿ ಆದ್ಯವೆಂದು ಪ್ರಸಿದ್ಧವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದನ್ನು ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕಾ ದೇಶದಲ್ಲಿ ೧೯೭೪ರಲ್ಲಿ ಪ್ರಕಟಿಸಿದರು. ಆಟವನ್ನು ನಡೆಯಿಸುವವನನ್ನು ನಾವು ಸೂತ್ರಧಾರನೆಂದೇ ಕರೆಯುವೆವು. ಅವನ ಕಾರ್ಯವು ನಾಟಕದ ಸೂತ್ರಧಾರನ ಕಾರ್ಯಕ್ಕಿಂತ ಬಹಳ ಭಿನ್ನವಲ್ಲ. ಆಟದ ಗುಣದೋಷಗಳೆಲ್ಲವನ್ನೂ ಇಲ್ಲಿ ವಿಚಾರಿಸುವುದಿಲ್ಲ. ಪಾತ್ರವೊಂದು ತನಗೆ ತಿಳಿಯದ ಅಪೂರ್ವಭಾಷೆಯನ್ನು ಕಲಿಯುವುದಕ್ಕೆ ವಿಧಿಸಿರುವ ನಿಯಮ ಮಾತ್ರವೇ ಪ್ರಕೃತಕ್ಕೆ ಸೇರಿದ್ದು.

೧೯೭೪ರ ಮೂಲಗ್ರಂಥದಲ್ಲಿ ಈ ವಿಷಯವು ಅತಿಸಂಕ್ಷಿಪ್ತವಾಗಿತ್ತು: ಬುದ್ಧಿಯ ಅಂಕವು ಹತ್ತನ್ನು ಮೀರಿದರೆ, ಮೀರಿದ ಒಂದೊಂದಂಕಕ್ಕೆ ಒಂದೊಂದು ಹೆಚ್ಚಿನ ಭಾಷೆ. ೨೦೧೪ರ ಆವೃತ್ತಿಯಲ್ಲಿ ಕಲಿಕೆಯ ವಿಧಿಯೇ ಬೇರೆಯಾಗಿ ಹೇಳಲ್ಪಟ್ಟಿತು. ಕಲಿಸಲೊಪ್ಪುವ ಉಪಾಧ್ಯಾಯನನ್ನು ಹುಡುಕಬೇಕು. ೨೫೦ ದಿವಸ ಅಭ್ಯಾಸ ಮಾಡಬೇಕು. ದಿವಸಕ್ಕೊಂದು ಚಿನ್ನದ ನಾಣ್ಯ ತೆರಬೇಕು. ೨೦೧೭ರಲ್ಲಿ ಹೊರಬಂದ ಅನುಬಂಧಗ್ರಂಥದಲ್ಲಿ ಇದನ್ನು ತಿದ್ದಿ, ಐದೈದು ದಿವಸಗಳ ಹತ್ತು ವಾರಗಳೆಂದೂ, ವಾರಕ್ಕೆ ೨೫ ನಾಣ್ಯಗಳೆಂದೂ, ಬುದ್ಧಿಶಾಲಿಗೆ ವಾರಗಳು ಇನ್ನೂ ಕಡಮೆಯಾಗುವುವೆಂದೂ ವಿಧಿಸಿದರು. ವಾಚಕರು ಲೆಕ್ಕ ಹಾಕಿ ನೋಡಲಿ: ಸಾಮಾನ್ಯಬುದ್ಧಿಯವನಿಗೆ ಕಾಲವು ಐದನೆಯ ಒಂದು ಪಾಲಿಗಿಳಿಯಿತು, ಗುರುದಕ್ಷಿಣೆ ಮಾತ್ರ ಒಂದು ಕಾಸೂ ಇಳಿಯಲಿಲ್ಲ! ೨೦೨೪ರ ಆವೃತ್ತಿಯಲ್ಲಿ ಭಾಷೆಗಳನ್ನು ರೂಢಭಾಷೆಗಳು, ಅಪೂರ್ವಭಾಷೆಗಳು ಎಂದು ಎರಡು ಕೋಷ್ಠಕಗಳಾಗಿ ವಿಂಗಡಿಸಿದ್ದಾರೆ.

ಈ ಎರಡು ವಿಧಿಗಳ ವಿವಾದವು ಸಂಸ್ಕೃತಜ್ಞರಿಗೆ ಹೊಸದಲ್ಲ. ಸೋಮದೇವನ ಕಥಾಸರಿತ್ಸಾಗರದಲ್ಲಿ ಇದೇ ವಿವಾದವು ರಾಜಸಭೆಯಲ್ಲಿ ನಡೆಯಿತು. ಜಲಕ್ರೀಡೆಯಲ್ಲಿ ರಾಣಿಯು ನೀರೆರಚಬೇಡವೆಂದು ಸಂಸ್ಕೃತದಲ್ಲಿ ಹೇಳಲು, ಸಾತವಾಹನರಾಜನು ‘ಮೋದಕೈಃ’ ಎಂಬಲ್ಲಿನ ಸಂಧಿಯನ್ನರಿಯದೆ ಕಡುಬುಗಳನ್ನು ತರಿಸಿ ನಗೆಪಾಟಲಾದನು. ಅವನಿಗೆ ವ್ಯಾಕರಣವನ್ನು ಕಲಿಸಬೇಕಾಯಿತು. ಹನ್ನೆರಡು ವರ್ಷಗಳ ವಿದ್ಯೆಯನ್ನು ಆರು ವರ್ಷಗಳಲ್ಲಿ ಕಲಿಸುವೆನೆಂದು ಗುಣಾಢ್ಯನು ಹೇಳಿದನು. ಶರ್ವವರ್ಮನು ಆರು ತಿಂಗಳು ಸಾಕೆಂದನು. ಹಾಗಾದಲ್ಲಿ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಡುವೆನೆಂದು ಗುಣಾಢ್ಯನು ಪಣವೊಡ್ಡಿದನು. ಕುಮಾರಸ್ವಾಮಿಯ ಅನುಗ್ರಹದಿಂದ ಕಾತಂತ್ರವ್ಯಾಕರಣವನ್ನು ಪಡೆದ ಶರ್ವವರ್ಮನು ಗೆದ್ದನು. ೨೦೧೪ರ ನಿಯಮವು ಗುಣಾಢ್ಯಪಕ್ಷ, ೨೦೧೭ರದು ಶರ್ವವರ್ಮಪಕ್ಷ. ಕುಮಾರನ ಅನುಗ್ರಹಕ್ಕೂ ಆಟದಲ್ಲಿ ಪ್ರತಿನಿಧಿಯುಂಟು: ಯಾವ ಭಾಷೆಯನ್ನಾದರೂ ಒಂದು ಗಂಟೆಯ ಕಾಲ ಅರ್ಥವಾಗುವಂತೆ ಮಾಡುವ ಮಂತ್ರ. ಆದರೆ ಆ ಮಂತ್ರವು ವಾಚ್ಯಾರ್ಥವನ್ನು ಮಾತ್ರ ಕೊಡುವುದೆಂದು ಗ್ರಂಥಕಾರರು ಸ್ಪಷ್ಟಪಡಿಸಿದ್ದಾರೆ. ಲಕ್ಷಣೆ, ವ್ಯಂಜನೆಗಳು ಮಂತ್ರಕ್ಕೆ ವಶವಲ್ಲವೆಂಬ ಈ ವಿವೇಕವು ನಮ್ಮ ಆಲಂಕಾರಿಕರಿಗೂ ಒಪ್ಪಿಗೆಯಾಗತಕ್ಕದ್ದು. ಇಡೀ ಪ್ರಕರಣದಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದ ವಾಕ್ಯವೂ ಇದೇ.

ಸೋತ ಗುಣಾಢ್ಯನ ಮುಂದಿನ ಕಥೆಯೇ ನಮಗೆ ಮುಖ್ಯವಾದುದು. ಮೂರು ಭಾಷೆಗಳನ್ನೂ ತೊರೆದು ಮೌನಿಯಾದ ಅವನು ವಿಂಧ್ಯಾಟವಿಯನ್ನು ಹೊಕ್ಕು, ಪಿಶಾಚರು ತಮ್ಮತಮ್ಮೊಳಗೆ ಆಡುವ ಮಾತನ್ನು ದೂರದಿಂದ ಕೇಳಿ ಕೇಳಿ ಪೈಶಾಚಿಯನ್ನು ಕಲಿತನು. ನಾಣ್ಯ ತೆರಲಿಲ್ಲ, ದಿನವೆಣಿಸಲಿಲ್ಲ. ಬೇರೆ ಮಾತಿಲ್ಲದ ನಿರ್ಗತಿಕತನವೇ ಅವನಿಗೆ ಗುರುವಾಯಿತು. ವರರುಚಿಯ ಪ್ರಾಕೃತಪ್ರಕಾಶದಲ್ಲಿ ಪೈಶಾಚಿಗೆ ಮೀಸಲಾದ ಸೂತ್ರಗಳು ಕೆಲವೇ. ಅವನ್ನು ಒಂದು ಬೆಳಗಿನಲ್ಲಿ ಕಂಠಪಾಠ ಮಾಡಬಹುದು. ಹಾಗೆ ಮಾಡಿದವನು ಪೈಶಾಚಿಯ ಲಕ್ಷಣವನ್ನು ಬಲ್ಲನು, ಪೈಶಾಚಿಯಲ್ಲಿ ಕಥೆಯನ್ನು ಹೇಳಲಾರನು. ಆಟದ ನಿಯಮವು ಈ ಇಬ್ಬರಿಗೂ ‘ಬಲ್ಲನು’ ಎಂಬ ಒಂದೇ ಗುರುತನ್ನು ಹಾಕುತ್ತದೆ.

ಭಾಷೆಯನ್ನು ಬಲ್ಲೆ ಅಥವಾ ಅರಿಯೆ ಎಂಬ ಎರಡೇ ಅವಸ್ಥೆಗಳೆಂದೆಣಿಸುವುದು ಈ ನಿಯಮದ ಒಂದು ದೊಡ್ಡ ಕೊರತೆ. ಸಾತವಾಹನನು ಸಂಸ್ಕೃತವನ್ನು ಏನೂ ಅರಿಯದವನಾಗಿದ್ದರೆ ಕಡುಬನ್ನು ತರಿಸುತ್ತಲೇ ಇರಲಿಲ್ಲ. ಅರೆತಿಳಿವೇ ಅವನನ್ನು ಕೆಡಿಸಿತು. ಮುದ್ರಾರಾಕ್ಷಸದಲ್ಲಿ ಹಾವಾಡಿಗನ ವೇಷ ಧರಿಸಿದ ವಿರಾಧಗುಪ್ತನು ಪರರ ಮುಂದೆ ಪ್ರಾಕೃತವನ್ನಾಡಿ, ತನ್ನಷ್ಟಕ್ಕೆ ತಾನು ಸಂಸ್ಕೃತಕ್ಕೆ ಮರಳುತ್ತಾನೆ. ಪರಭಾಷೆಯಲ್ಲಿ ವೇಷ ನಿಲ್ಲುವಷ್ಟು ನೈಪುಣ್ಯ ಬೇರೆ, ಸಂತೆಯಲ್ಲಿ ಉಪ್ಪು ಕೊಳ್ಳುವಷ್ಟು ಪರಿಚಯ ಬೇರೆ. ಇಂತಹ ಭೇದವಿದ್ದರೆ ಆಟದಲ್ಲಿಯೂ ರಸವು ಹೆಚ್ಚುತ್ತಿತ್ತು.

ನಮ್ಮ ಸೀಮೆಯ ನಿದರ್ಶನವನ್ನೇ ಕೊಡುವೆವು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯು ನಾಗರಹೊಳೆ ಕಾಡಿನ ಬಾಗಿಲು. ದಸರಾ ಆನೆಗಳ ಗಜಪಯಣವು ಹೊರಡುವ ಸ್ಥಳ. ಆನೆಗಳೊಡನಿರುವ ಮಾವುತರಲ್ಲಿ, ಕಾವಾಡಿಗಳಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ಇದ್ದಾರೆ. ಅಂತಹ ಮಾವುತನೊಬ್ಬನು ಹಾಡಿಯಲ್ಲಿ ತನ್ನ ನುಡಿಯನ್ನೂ, ಅಧಿಕಾರಿಗಳೊಡನೆ ಕನ್ನಡವನ್ನೂ, ಆನೆಯೊಡನೆ ‘ಬೈಠ್’ ಮುಂತಾದ ಹಿಂದೂಸ್ತಾನೀ ಆಜ್ಞಾಪದಗಳನ್ನೂ ಆಡುತ್ತಾನೆ. ಅವನು ಎಷ್ಟು ಭಾಷೆಗಳನ್ನು ಬಲ್ಲನೆಂದು ನಿಯಮಗ್ರಂಥವು ಹೇಳಬಲ್ಲುದೆ? ಬುದ್ಧಿಯ ಅಂಕದಿಂದ ಭಾಷಾಸಂಖ್ಯೆಯನ್ನೆಣಿಸಿದ ೧೯೭೪ರ ವಿಧಿಯಂತೂ ಇಲ್ಲಿ ನಿಲ್ಲಲಾರದು. ಈ ಮಾವುತನ ಭಾಷೆಗಳು ಅವನ ಜೀವನೋಪಾಯದಿಂದ ಬಂದುವು.

ಇನ್ನು ‘ಅಪೂರ್ವ’ ಎಂಬ ಹೆಸರನ್ನು ನೋಡೋಣ. ಅದು ಯಾರ ದೃಷ್ಟಿಯಿಂದ? ಭರತನ ನಾಟ್ಯಶಾಸ್ತ್ರದ ಭಾಷಾವಿಧಾನದಲ್ಲಿ ಮಾಗಧಿ, ಶೌರಸೇನಿ ಮೊದಲಾದ ಏಳು ಭಾಷೆಗಳಿಂದ ಬೇರ್ಪಡಿಸಿ, ಶಬರ, ಆಭೀರ, ದ್ರಾವಿಡ, ವನಚರ ಮೊದಲಾದವರ ಮಾತುಗಳನ್ನು ವಿಭಾಷೆಗಳೆಂದು ಪಟ್ಟಿ ಮಾಡಿದೆ. ದ್ರಾವಿಡವು ವನಚರರ ಮಾತಿನ ನೆರೆಯಲ್ಲಿಯೇ ಕುಳಿತಿದೆಯೆಂಬುದನ್ನು ಕನ್ನಡಿಗರು ಗಮನಿಸಬೇಕು. ಹುಣಸೂರಿನ ಪೇಟೆಯಲ್ಲಿ ಇಂದು ಸರ್ವಸಾಮಾನ್ಯವಾದ ನಮ್ಮ ಮಾತಿನ ಕುಲವೇ ಆ ಕೋಷ್ಠಕದಲ್ಲಿ ಅಂಚಿನದು! ಅತ್ತ ೨೦೧೧ರ ಜನಗಣತಿಯು ಕುರುಬ ಅಥವಾ ಕುರುಂಬವೆಂಬ ಮಾತೃಭಾಷೆಯನ್ನು ಕನ್ನಡದ ಅಡಿಯಲ್ಲಿಯೇ ಸೇರಿಸಿ ಎಣಿಸಿತು. ಕೋಷ್ಠಕವನ್ನು ಬರೆಯುವವನು ಎಲ್ಲಿ ಕುಳಿತಿರುವನೋ ಅಲ್ಲಿಂದ ದೂರವಾದುದು ಅಪೂರ್ವವೆನಿಸುತ್ತದೆ. ಹಾಡಿಯ ಮಗುವಿಗೆ ಜೇನುಕುರುಬರ ನುಡಿಯು ತಾಯಿಯ ಎದೆಹಾಲಿನೊಡನೆ ಬಂದುದು. ಅದಕ್ಕೆ ಶಾಲೆಯಲ್ಲಿ ಅಪೂರ್ವವಾಗಿ ಕಂಡುದು ಪುಸ್ತಕದ ಕನ್ನಡ. ಆ ಕನ್ನಡವನ್ನು ಅದು ಕಲಿಯಲೇಬೇಕು. ಪೇಟೆಯ ಮಗುವು ಹಾಡಿಯ ನುಡಿಯನ್ನು ಕಲಿಯಬೇಕೆಂಬ ವಿಧಿಯು ಎಲ್ಲಿಯೂ ಇಲ್ಲ.

ನಿಯಮದ ಮರ್ಮವು ‘ಕಲಿಸಲೊಪ್ಪುವ ಉಪಾಧ್ಯಾಯ’ ಎಂಬ ಪದದಲ್ಲಿದೆ. ಗ್ರಂಥಕಾರರು ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ದಾಟಿದ್ದಾರೆ. ಅಲ್ಲಿಂದ ಮುಂದೆ ಲೆಕ್ಕವೆಲ್ಲ ಕಲಿಯುವವನ ದಿವಸಗಳದು, ಕಲಿಯುವವನ ಚೀಲದ್ದು. ಒಪ್ಪುವುದೇಕೆ, ಒಪ್ಪದಿರುವುದೇಕೆ? ಕಳೆದ ಶತಮಾನದ ಕೊನೆಯಿಂದ ಕಾಡಿನೊಳಗಣ ಹಾಡಿಗಳನ್ನು ಬಿಟ್ಟುಬಂದು ವೀರನಹೊಸಹಳ್ಳಿಯ ಬಳಿಯ ನಾಗಾಪುರದಲ್ಲಿ ನೆಲೆಸಿದ ಮುದುಕರೊಬ್ಬರ ಬಳಿಗೆ, ದಿವಸಕ್ಕೊಂದು ನಾಣ್ಯ ಹಿಡಿದು ಅಪರಿಚಿತನೊಬ್ಬನು ಬಂದು ‘ನಿಮ್ಮ ಮಾತನ್ನು ಕಲಿಸಿರಿ’ ಎಂದರೆ, ಇವನು ಏತಕ್ಕೆ ಕಲಿಯುತ್ತಾನೆಂದು ಅವರು ಮೊದಲು ಕೇಳುವುದು ನ್ಯಾಯವೇ ಸರಿ. ಜೇನು ಎಲ್ಲಿ ಕಟ್ಟುವುದು, ಹಳ್ಳವನ್ನು ಏನೆಂದು ಕರೆಯುವರು ಎಂಬುದು ಆ ಮಾತಿನೊಳಗೇ ಇದೆ. ಪಾಠಶಾಲೆಗಳಲ್ಲಿ ಓದಿದ ನಾವು ‘ಅಧಿಕಾರಿ’ ಎಂಬ ಶಬ್ದವನ್ನು ಚೆನ್ನಾಗಿ ಬಲ್ಲೆವು; ಯಾರು ಕೇಳಲರ್ಹರು, ಯಾರು ಅಲ್ಲ ಎಂದು ವಿಧಿಸುವುದರಲ್ಲಿ ನಮ್ಮವರು ಪಳಗಿದವರು. ಅದೇ ನಿರ್ಣಯದ ಹಕ್ಕನ್ನು ಹಾಡಿಯ ಹಿರಿಯರಿಗೂ ಕೊಡಬೇಡವೆ? ಆಟದ ಮೂರನೆಯ ಆವೃತ್ತಿಯಲ್ಲಿ ಡ್ರೂಯಿಡರೆಂಬ ವನಪೂಜಕರು ತಮ್ಮ ಗುಹ್ಯಭಾಷೆಯನ್ನು ಹೊರಗಿನವರಿಗೆ ಕಲಿಸಬಾರದೆಂಬ ನಿಷೇಧವಿತ್ತು. ಭಾಷೆಯು ಅದನ್ನಾಡುವವರ ಸ್ವತ್ತೆಂಬ ಅಂಶವು ಅಲ್ಲಿಯಾದರೂ ಮಿನುಗಿತ್ತು.

ಉಪಾಧ್ಯಾಯನನ್ನು ಮರೆಯುವ ದೋಷವು ಈ ಆಟದವರದೊಂದೇ ಅಲ್ಲ. ಗುಣಾಢ್ಯನ ಬೃಹತ್ಕಥೆಯನ್ನು ಗಂಗರಾಜನಾದ ದುರ್ವಿನೀತನು ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಸಾರುತ್ತದೆ. ಈತನ ತಾಯಿ ಪುನ್ನಾಟದ ರಾಜಪುತ್ರಿ. ಪುನ್ನಾಟದ ರಾಜಧಾನಿ ಕೀರ್ತಿಪುರವೆಂದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿತೀರದ ಕಿತ್ತೂರೆಂದು ಚರಿತ್ರಕಾರರ ಅಭಿಪ್ರಾಯ. ಅರಸನಿಗೆ ಪೈಶಾಚಿಯನ್ನು ಓದಿಸಿದವನೊಬ್ಬನು ಇದ್ದಿರಲೇಬೇಕು. ಶಾಸನದಲ್ಲಿ ಅವನ ಹೆಸರಿಲ್ಲ. ಮೂಲವಾದ ಪೈಶಾಚೀ ಬೃಹತ್ಕಥೆಯೂ ಈಗ ಉಪಲಬ್ಧವಿಲ್ಲ.

ಇದು ಆಟ, ವಿನೋದಾರ್ಥವಾದುದು, ಇಷ್ಟು ಶೋಧನೆ ಏತಕ್ಕೆಂಬುದು ಪೂರ್ವಪಕ್ಷ. ಐವತ್ತಡಿಯ ಹಗ್ಗಕ್ಕೆ ಹತ್ತು ಪೌಂಡು ತೂಕವೆಂದು ಲೆಕ್ಕವಿಟ್ಟ ಗ್ರಂಥಕ್ಕೆ ಭಾಷೆಯ ಲೆಕ್ಕವು ಹೆಚ್ಚಿನದಾಗಲಾರದು.

ಆದಕಾರಣ ಈ ನಾಡಿನಲ್ಲಿ ಆಡುವವರು ನಿಯಮವನ್ನು ಹೀಗೆ ತಿದ್ದಿಕೊಳ್ಳಬಹುದು. ಒಪ್ಪಿಗೆಯನ್ನು ದಾಳಕ್ಕೆ ಬಿಡದೆ, ಆ ಭಾಷೆಯನ್ನಾಡುವ ಪಾತ್ರವು ಕೇಳುವ ಪ್ರಶ್ನೆಗೆ ಕಲಿಯುವವನು ಉತ್ತರ ಕೊಡಲಿ. ಉತ್ತರವು ಹಿಡಿಸದಿದ್ದರೆ ನಾಣ್ಯವೆಷ್ಟಿದ್ದರೂ ಪಾಠವಿಲ್ಲ. ೨೫೦ ದಿವಸಗಳು ಇರಲಿ, ಆದರೆ ಅವರೊಡನೆ ವಾಸಿಸಿ ತನ್ನ ಮಾತನ್ನು ಬಿಟ್ಟಿದ್ದ ದಿವಸಗಳು ಮಾತ್ರ ಎಣಿಕೆಗೆ ಬರಲಿ. ಮೊದಲ ಭಾಗದಲ್ಲಿ ಕೇಳಿದರೆ ತಿಳಿಯುವುದು, ಎರಡನೆಯದರಲ್ಲಿ ತಪ್ಪುತಪ್ಪಾಗಿ ಆಡುವುದು. ಈ ಅವಸ್ಥೆಯಲ್ಲಿ ದಾಳವು ಕೆಟ್ಟದಾಗಿ ಬಿದ್ದಲ್ಲಿ ಸೂತ್ರಧಾರನು ಕಡುಬುಗಳನ್ನು ತರಿಸಲಿ. ಕಲಿಯುವವನ ಭಾಷೆಗೆ ಹತ್ತಿರದ ನುಡಿಯಾದರೆ ದಿವಸಗಳನ್ನು ಅರ್ಧಕ್ಕಿಳಿಸಬಹುದು. ಬುದ್ಧಿಯ ಅಂಕಕ್ಕೆ ರಿಯಾಯಿತಿಯೇನೂ ಬೇಡ.