ಥೈರೋಗ್ಲಾಬ್ಯುಲಿನ್ ನಕ್ಷೆಯ ಖಾಲಿ ಜಾಗಗಳು

ಥೈರಾಯಿಡ್ ಗ್ರಂಥಿ ತನ್ನ ಹಾರ್ಮೋನನ್ನು ನೇರವಾಗಿ ತಯಾರಿಸುವುದಿಲ್ಲ. ಮೊದಲು ಥೈರೋಗ್ಲಾಬ್ಯುಲಿನ್ ಎಂಬ ಭಾರೀ ಪ್ರೋಟೀನನ್ನು ಕಟ್ಟುತ್ತದೆ, ಅದರ ಟೈರೋಸಿನ್‌ಗಳ ಮೇಲೆ ಅಯೋಡಿನ್ ಕೂರಿಸುತ್ತದೆ, ಕೆಲವು ಜೋಡಿಗಳನ್ನು ಬೆಸೆದು ಹಾರ್ಮೋನು ಮಾಡಿ, ಬೇಕಾದಾಗ ಅದನ್ನು ಕಡಿದು ರಕ್ತಕ್ಕೆ ಬಿಡುತ್ತದೆ. ಸುಮಾರು 2,750 ಅಮೈನೋ ಆಮ್ಲಗಳ ಸರಪಣಿ ಎರಡು, ಒಟ್ಟು ತೂಕ 660 ಕಿಲೋಡಾಲ್ಟನ್. ಅದರಿಂದ ಹುಟ್ಟುವ ಹಾರ್ಮೋನ್ ಅಣುಗಳು ಮಾತ್ರ ಬೆರಳೆಣಿಕೆಯವು. ಈ ಪ್ರೋಟೀನಿನ ಮೇಲೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ತಿರುಗಿಬೀಳುವುದೂ ಉಂಟು. 1956ರಲ್ಲಿ ಲಂಡನ್ನಿನಲ್ಲಿ ಐವನ್ ರಾಯಿಟ್, ಡೆಬೊರಾ ಡೊನಿಯಾಕ್ ಮತ್ತು ಸಂಗಡಿಗರು ಹಾಶಿಮೊಟೊ ಎಂಬ ಥೈರಾಯಿಡ್ ಕಾಯಿಲೆಯ ರೋಗಿಗಳ ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯಗಳನ್ನು ಗುರುತಿಸಿದರು. ಆದರೆ ಇಷ್ಟು ದೊಡ್ಡ ಮೈಯಲ್ಲಿ ಅವು ಹಿಡಿಯುವುದು ಎಲ್ಲಿ?

ರೋಗಿಯ ರಕ್ತದಿಂದಲೇ ಇದಕ್ಕೆ ಉತ್ತರ ಹುಡುಕುವುದು ಕಷ್ಟ, ಏಕೆಂದರೆ ಅದರಲ್ಲಿ ನೂರೆಂಟು ಬಗೆಯ ಪ್ರತಿಕಾಯಗಳು ಕಲೆತಿರುತ್ತವೆ. 1975ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಕೋಶದ ಸಂತತಿಯಿಂದ ಒಂದೇ ಬಗೆಯ ಪ್ರತಿಕಾಯ ಪಡೆಯುವ ದಾರಿ ತೋರಿಸಿದ ಮೇಲೆ ಕೈಗೆ ಸಾಧನ ಬಂತು. 1983ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಝಾನ್ ರುಫ್, ಸೆರ್ಜ್ ಲಿಸಿಟ್ಸ್‌ಕಿ ಮೊದಲಾದವರು ಇಲಿಗಳಿಂದ ಪಡೆದ ಇಂಥ ಒಂದೇ ಬಗೆಯ, ಅಂದರೆ ಮಾನೊಕ್ಲೋನಲ್, ಪ್ರತಿಕಾಯಗಳನ್ನು ಹಿಡಿದು ಮಾನವ ಥೈರೋಗ್ಲಾಬ್ಯುಲಿನ್ನಿನ ಮೈಯನ್ನು ಆರು ವಲಯಗಳಾಗಿ ಗುರುತು ಹಾಕಿದರು. ರೋಗಿಗಳ ಪ್ರತಿಕಾಯಗಳು ಹೆಚ್ಚಾಗಿ ಎರಡನೆಯ ವಲಯದ ಸುತ್ತ ಕವಿಯುತ್ತವೆ ಎಂಬುದು ಅವರ ಮುಖ್ಯ ಶೋಧ. ಆಗ ಮಾನವ ಥೈರೋಗ್ಲಾಬ್ಯುಲಿನ್ನಿನ ಪೂರ್ಣ ಅಮೈನೋ ಆಮ್ಲ ಸರಣಿಯೇ ಗೊತ್ತಿರಲಿಲ್ಲ. ಅದು ಪ್ರಕಟವಾದದ್ದು 1987ರಲ್ಲಿ. ಮನೆಸಂಖ್ಯೆಗಳಿಲ್ಲದೆ ಬರೆದ ನಕ್ಷೆ ಇಷ್ಟು ಕಾಲ ಬಾಳಿದ್ದು ಸಣ್ಣ ಸಾಧನೆಯಲ್ಲ.

ಪ್ರಯೋಗದ ರೀತಿ ಸರಳ. ತೊಂಬತ್ತಾರು ಕುಳಿಗಳ ಪ್ಲಾಸ್ಟಿಕ್ ತಟ್ಟೆಗೆ ಥೈರೋಗ್ಲಾಬ್ಯುಲಿನ್ ಅಂಟಿಸಿ, ಮೇಲೆ ಒಂದು ಪ್ರತಿಕಾಯ ಧಾರಾಳವಾಗಿ ಹಾಕುತ್ತಾರೆ. ಆಮೇಲೆ ಬಣ್ಣ ಕೊಡುವ ಗುರುತು ಕಟ್ಟಿದ ಇನ್ನೊಂದನ್ನು ಬಿಡುತ್ತಾರೆ. ಬಣ್ಣ ಬಂದರೆ ಎರಡಕ್ಕೂ ಜಾಗ ಬೇರೆ ಬೇರೆ. ಬಾರದಿದ್ದರೆ ಎರಡೂ ಒಂದೇ ಕಡೆಯವು ಎಂದು ಲೆಕ್ಕ. ಹೀಗೆ ಪ್ರತಿ ಜೋಡಿಯನ್ನೂ ಎದುರುಬದುರು ನಿಲ್ಲಿಸಿ ಗುಂಪು ಕಟ್ಟುತ್ತಾರೆ.

ಇದರ ನಿಜವಾದ ಬಲ ಮಡಿಚಿದ ಪ್ರೋಟೀನನ್ನು ಇದ್ದ ಹಾಗೇ ಮುಟ್ಟುವುದರಲ್ಲಿದೆ. ಥೈರೋಗ್ಲಾಬ್ಯುಲಿನ್ನಿನ ಒಂದೊಂದು ಸರಪಣಿಯಲ್ಲೂ ನೂರಕ್ಕೂ ಹೆಚ್ಚು ಸಿಸ್ಟೀನ್‌ಗಳಿವೆ. ಅವುಗಳ ಗಂಧಕದ ಬಂಧಗಳನ್ನು ಬಿಡಿಸಿದರೆ ರೋಗಿಗಳ ಪ್ರತಿಕಾಯಗಳಲ್ಲಿ ಹೆಚ್ಚಿನವು ಪ್ರೋಟೀನನ್ನು ಗುರುತಿಸುವುದೇ ಇಲ್ಲ. ಅವು ಹಿಡಿಯುವ ನೆಲೆ ಸರಣಿಯಲ್ಲಿ ದೂರದೂರವಿದ್ದು ಮಡಿಕೆಯಲ್ಲಿ ಹತ್ತಿರ ಬಂದ ಅಮೈನೋ ಆಮ್ಲಗಳದ್ದು. ಸಣ್ಣ ಪೆಪ್ಟೈಡ್ ತುಣುಕುಗಳನ್ನು ಸಾಲಾಗಿ ಜೋಡಿಸಿ ಹುಡುಕುವ ವಿಧಾನ ಇಂಥ ನೆಲೆಯ ಮುಂದೆ ಸೋಲುತ್ತದೆ. ಈ ವಿಷಯದಲ್ಲಿ ಮಾನೊಕ್ಲೋನಲ್ ಪ್ರತಿಕಾಯವನ್ನು ನಾನು ಯಾವ ಸಂಕೋಚವೂ ಇಲ್ಲದೆ ಮೆಚ್ಚುತ್ತೇನೆ.

ನನ್ನ ತಕರಾರು ಫಲಿತಾಂಶವನ್ನು ಓದುವ ರೀತಿಯ ಬಗ್ಗೆ. ‘ಒಂದು ಇನ್ನೊಂದನ್ನು ತಡೆಯಿತು’ ಎಂಬುದು ಪ್ರಯೋಗ ಹೇಳಿದ ಮಾತು. ‘ಎರಡೂ ಒಂದೇ ತಾಣಕ್ಕೆ ಅಂಟುತ್ತವೆ’ ಎಂಬುದು ನಾವು ಸೇರಿಸಿದ ಮಾತು. ಇಡೀ ಪ್ರತಿಕಾಯದ ತೂಕ ಸುಮಾರು 150 ಕಿಲೋಡಾಲ್ಟನ್. ಅದು ನಿಜಕ್ಕೂ ಮುಟ್ಟುವುದು ಹದಿನೈದಿಪ್ಪತ್ತು ಅಮೈನೋ ಆಮ್ಲಗಳನ್ನಷ್ಟೆ. ಕಿರಿದಾದ ಜಗಲಿಯಲ್ಲಿ ದಪ್ಪನೆಯ ಕಂಬಳಿ ಹೊದ್ದು ಕೂತವನ ಪಕ್ಕ ಇನ್ನೊಬ್ಬನಿಗೆ ಜಾಗ ಸಿಗದಂತೆ, ಪಕ್ಕದ ತಾಣ ಬೇರೆಯದೇ ಆಗಿದ್ದರೂ ಎರಡನೆಯದಕ್ಕೆ ಇಂಬಿಲ್ಲದಾಗಬಹುದು. ಪ್ರತಿಕಾಯದ ಹಿಡಿಯುವ ತೋಳನ್ನಷ್ಟೇ ಕತ್ತರಿಸಿಕೊಂಡು ಪ್ರಯೋಗ ಮತ್ತೆ ಮಾಡಿದರೆ ಈ ಸಂಶಯ ಎಷ್ಟೋ ಕಮ್ಮಿಯಾಗುತ್ತದೆ. ಇನ್ನು, ಮೊದಲನೆಯದು ಎರಡನೆಯದನ್ನು ತಡೆದು, ಎರಡನೆಯದು ಮೊದಲನೆಯದನ್ನು ತಡೆಯದ ಏಕಮುಖ ಫಲಿತಾಂಶಗಳೂ ಬರುತ್ತವೆ. ಅಲ್ಲಿ ಕಾಣುವುದು ಹಲವು ಸಲ ಜಾಗದ ಸಂಗತಿಯಲ್ಲ, ಹಿಡಿತದ ಬಿಗಿಯ ಸಂಗತಿ. ಅಯೋಡಿನ್ ಎಷ್ಟು ಸೇರಿದೆ ಎಂಬುದರ ಮೇಲೂ ಕೆಲವು ಪ್ರತಿಕಾಯಗಳ ಹಿಡಿತ ಹೆಚ್ಚುಕಮ್ಮಿಯಾಗುತ್ತದೆ.

ಇದಕ್ಕಿಂತ ಆಳದ ತೊಡಕು ಇಲಿಯದು. ಇಲಿಗೂ ತನ್ನದೇ ಥೈರೋಗ್ಲಾಬ್ಯುಲಿನ್ ಇದೆ. ಮಾನವನ ಪ್ರೋಟೀನನ್ನು ಚುಚ್ಚಿದಾಗ ಅದರ ಮೈ ಹೆಚ್ಚಾಗಿ ಪ್ರತಿಭಟಿಸುವುದು ತನ್ನದಕ್ಕಿಂತ ಬೇರೆಯಾದ ಭಾಗಗಳನ್ನು. ತನ್ನದನ್ನೇ ಹೋಲುವ ಭಾಗಗಳನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ. ಹೀಗಾಗಿ ನಕ್ಷೆಯಲ್ಲಿ ಖಾಲಿ ಕಾಣುವ ಜಾಗ ಪ್ರತಿಕಾಯ ಹಿಡಿಯಲಾಗದ ಜಾಗವೆಂದು ಹೇಳುವಂತಿಲ್ಲ. ಅದು ಇಲಿ ಸಹಿಸಿಕೊಂಡ ಜಾಗವೂ ಇರಬಹುದು. ರೋಗಿಯ ದೇಹ ಮಾಡುವುದೋ ಇದಕ್ಕೆ ತದ್ವಿರುದ್ಧ: ತನ್ನದನ್ನೇ ಪರಕೀಯವೆಂದು ಹಿಡಿಯುವುದು. ಸ್ವರೋಗನಿರೋಧಕತೆಯ ನಕ್ಷೆಯನ್ನು ಇಲಿಯ ಕಣ್ಣಿಂದ ಬರೆಯುವಾಗ ಈ ಮಿತಿಯನ್ನು ಮೊದಲ ಪುಟದಲ್ಲೇ ಹೇಳಬೇಕು. ಮಾರ್ಸೇಯ ತಂಡ ‘ವಲಯ’ ಎಂಬ ಸಡಿಲ ಪದದಲ್ಲೇ ನಿಂತದ್ದು ಅದರ ಸಂಯಮ. ಆ ಎರಡನೆಯ ವಲಯವನ್ನು ಒಂದು ನಿಶ್ಚಿತ ಚುಕ್ಕೆಯೆಂದು ಓದುವುದು ಅವರ ಕೆಲಸಕ್ಕೆ ಮಾಡುವ ಅನ್ಯಾಯ.

ಈ ಚರ್ಚೆ ಪ್ರಯೋಗಾಲಯದೊಳಗೇ ಮುಗಿಯುವಂಥದಲ್ಲ. ಕ್ಯಾನ್ಸರ್‌ನಿಂದಾಗಿ ಥೈರಾಯಿಡ್ ತೆಗೆಸಿಕೊಂಡವರ ರಕ್ತದಲ್ಲಿ ಥೈರೋಗ್ಲಾಬ್ಯುಲಿನ್ ಮತ್ತೆ ಏರಿದರೆ ಅದು ರೋಗ ಮರಳಿದ್ದರ ಸೂಚನೆ. ಅಳೆಯುವುದು ಎರಡು ಪ್ರತಿಕಾಯಗಳ ನಡುವೆ ಪ್ರೋಟೀನನ್ನು ಸಿಕ್ಕಿಸುವ ಪರೀಕ್ಷೆಯಿಂದ. ಇಂಥ ರೋಗಿಗಳಲ್ಲಿ ಸುಮಾರು ಕಾಲುಭಾಗ ಜನರಿಗೆ ತಮ್ಮದೇ ಪ್ರತಿಕಾಯಗಳೂ ಇರುತ್ತವೆ. ಅವು ಮೊದಲೇ ಜಾಗ ಹಿಡಿದಿದ್ದರೆ ಸಂಖ್ಯೆ ಸುಳ್ಳಾಗಿ ಕಡಿಮೆ ಬರುತ್ತದೆ. ರೋಗಿಯ ಪ್ರತಿಕಾಯಗಳು ಮುಟ್ಟದ ವಲಯಗಳನ್ನೇ ಆರಿಸಿಕೊಂಡು ಪರೀಕ್ಷೆ ಕಟ್ಟುವುದು ನಕ್ಷೆಯ ಅತ್ಯಂತ ಬೆಲೆಬಾಳುವ ಬಳಕೆ. ಆದರೂ ಅಡ್ಡಿ ಪೂರ್ತಿ ತಪ್ಪಿಲ್ಲ, ಏಕೆಂದರೆ ರೋಗಿಯಿಂದ ರೋಗಿಗೆ ಪ್ರತಿಕಾಯಗಳ ಮೇಳ ಬದಲಾಗುತ್ತದೆ. ಆದ್ದರಿಂದಲೇ ಥೈರೋಗ್ಲಾಬ್ಯುಲಿನ್ ಅಳೆದಾಗಲೆಲ್ಲ ಅದರ ವಿರುದ್ಧದ ಪ್ರತಿಕಾಯವನ್ನೂ ಅಳೆಯಬೇಕೆಂಬ ನಿಯಮ. ವರದಿಯಲ್ಲಿ ಮೊದಲನೆಯ ಸಂಖ್ಯೆಯನ್ನಷ್ಟೇ ನೋಡಿ ನಿಟ್ಟುಸಿರು ಬಿಡುವುದು ಅಪಾಯ.

2020ರಲ್ಲಿ ಕೇಂಬ್ರಿಡ್ಜ್‌ನ ಅದೇ ಪ್ರಯೋಗಾಲಯದಿಂದ, ಕೋಹ್ಲರ್ ಮತ್ತು ಮಿಲ್‌ಸ್ಟೈನ್ ದುಡಿದ ಸಂಸ್ಥೆಯಿಂದಲೇ, ಫ್ರಾನ್ಸೆಸ್ಕಾ ಕೋಶಾ, ಯಾನ್ ಲೊವೆ ಮತ್ತು ಸಂಗಡಿಗರು ಶೈತ್ಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಮಾನವ ಥೈರೋಗ್ಲಾಬ್ಯುಲಿನ್ನಿನ ರಚನೆಯನ್ನು ಪ್ರಕಟಿಸಿದರು. ಹಾರ್ಮೋನು ಹುಟ್ಟುವ ತಾಣಗಳು ಅದರಲ್ಲಿ ಗುರುತಾದವು: ಹತ್ತಿರ ಹತ್ತಿರ, ಸಡಿಲವಾಗಿ, ಹೊರಮೈಗೆ ತೆರೆದುಕೊಂಡಿರುವ ಟೈರೋಸಿನ್ ಜೋಡಿಗಳು. ಅಂಥ ಜೋಡಿಗಳನ್ನು ಸಂಬಂಧವೇ ಇಲ್ಲದ ಬೇರೊಂದು ಪ್ರೋಟೀನಿನಲ್ಲಿ ಕೂರಿಸಿ ಅಲ್ಲೂ ಹಾರ್ಮೋನು ಹುಟ್ಟಿಸಿ ತೋರಿಸಿದರು. ಈಗ ವಲಯಗಳ ಹಳೆಯ ನಕ್ಷೆಯನ್ನು ಆ ರಚನೆಯ ಮೇಲೆ ಹಾಸಿ ತಾಳೆ ನೋಡಬಹುದು. ಅದಕ್ಕೆ ಬೇಕಾದದ್ದು ಇಲಿಯ ಪ್ರತಿಕಾಯಗಳಷ್ಟೇ ಅಲ್ಲ. ಹಾಶಿಮೊಟೊ ರೋಗಿಗಳ, ಪ್ರತಿಕಾಯ ತಯಾರಿಸುವ ಬಿ ಕೋಶಗಳಿಂದಲೇ ಪಡೆದ ಮಾನವ ಮಾನೊಕ್ಲೋನಲ್‌ಗಳನ್ನು ಥೈರೋಗ್ಲಾಬ್ಯುಲಿನ್ನಿಗೆ ಅಂಟಿಸಿ, ಅದೇ ಸೂಕ್ಷ್ಮದರ್ಶಕದಡಿ ಒಂದೊಂದಾಗಿ ನೋಡಬೇಕು. ಎರಡನೆಯ ವಲಯದಿಂದಲೇ ಶುರುಮಾಡಬಹುದು.