ಉಪಭೋಗವೋ ಭೋಗವೋ: ಹಳೆಯ ಕಾರುಗಳ ಕುರಿತೊಂದು ವಿಮರ್ಶೆ

ಲಕ್ಷಾಂತರ ಕಿಲೋಮೀಟರು ಓಡಿದ ಕಾರನ್ನು ಬಿಡದೆ ಇಟ್ಟುಕೊಂಡ ಗೃಹಸ್ಥನನ್ನು ಬಳ್ಳಾರಿಯ ಪೇಟೆಯಲ್ಲಿ ಜಿಪುಣನೆನ್ನುವವರಿದ್ದಾರೆ. ಅವನನ್ನೇ ಅಪರಿಗ್ರಹಿಯೆಂದು ಕೊಂಡಾಡುವ ಶ್ರಾವಕರೂ ಇದ್ದಾರೆ. ಎರಡು ಮಾತುಗಳೂ ಪರೀಕ್ಷೆಯಿಲ್ಲದೆ ಒಪ್ಪತಕ್ಕವಲ್ಲ.

ಒಮ್ಮೆ ಅನುಭವಿಸಿ ಬಿಡುವ ಅನ್ನಾದಿಗಳು ಭೋಗ, ಮತ್ತೆ ಮತ್ತೆ ಅನುಭವಿಸಬಹುದಾದ ವಸ್ತ್ರಾದಿಗಳು ಉಪಭೋಗ ಎಂಬುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ವಿಂಗಡಣೆ. ಕಾಲಮಿತಿಯಿಟ್ಟು ನಿಯಮ ಹಿಡಿಯತಕ್ಕ ವಸ್ತುಗಳ ಸಾಲಿನಲ್ಲಿ ಅವರು ಭೋಜನದ ಬೆನ್ನಿಗೇ ವಾಹನವನ್ನು ಹೇಳಿದ್ದಾರೆ. ಶ್ವೇತಾಂಬರರು ನಿತ್ಯ ನೆನೆಯುವ 14 ನಿಯಮಗಳಲ್ಲಿಯೂ ವಾಹನಕ್ಕೆ ಸ್ಥಾನವುಂಟು. ಅಂದಮೇಲೆ ನಾಲ್ಕೈದು ವರ್ಷಕ್ಕೊಮ್ಮೆ ಕಾರು ಬದಲಿಸುವ ರೂಢಿಯ ದೋಷವಿರುವುದು ಅದರ ವೆಚ್ಚದಲ್ಲಿ ಅಲ್ಲ. ಉಪಭೋಗದ ವಸ್ತುವನ್ನು ಭೋಗವಾಗಿಸಿ ಉಂಡ ಎಲೆಯಂತೆ ಬಿಸುಡುವುದರಲ್ಲಿ.

ಉಕ್ಕು ಎಲ್ಲಿಂದ ಬರುತ್ತದೆಂಬುದನ್ನು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಸಂಡೂರಿನ ಬೆಟ್ಟಗಳನ್ನೂ ತೋರಣಗಲ್ಲಿನ ಕುಲುಮೆಗಳನ್ನೂ ಎಲ್ಲರೂ ಕಂಡಿದ್ದಾರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇಲ್ಲಿಯ ಗಣಿಗಾರಿಕೆಯನ್ನು ತಡೆದದ್ದೂ ನೆನಪಿನಲ್ಲಿದೆ. ಶ್ರಾವಕನಿಗೆ ವರ್ಜ್ಯವೆಂದು ಹೇಳಿದ 15 ಕರ್ಮಾದಾನಗಳಲ್ಲಿ ನೆಲವನ್ನೊಡೆಯುವ ಸ್ಫೋಟಕರ್ಮವೂ ಬಂಡಿ ಮಾಡಿ ಮಾರುವ ಶಕಟಕರ್ಮವೂ ಸೇರಿವೆ. ಗಣಿ ನಡೆಸದವನು ತಾನು ನಿರ್ದೋಷಿಯೆಂದು ಭಾವಿಸಬಹುದು. ಆದರೆ ಕೃತ, ಕಾರಿತಗಳ ಜೊತೆಗೆ ಅನುಮೋದನೆಯೂ ಲೆಕ್ಕಕ್ಕೆ ಬರುತ್ತದೆ. ಬೇಡದ ಹೊಸ ಕಾರಿಗೆ ಮುಂಗಡ ಕೊಡುವ ಕೈ ಅನುಮೋದಿಸುವ ಕೈಯೇ.

ಇಷ್ಟರಿಂದ ಹಳೆಯ ಕಾರಿನ ಒಡೆಯ ಗೆದ್ದನೆಂದಲ್ಲ. ಭೂಮಿ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜನವಾಗಿ ಬಾಧಿಸುವುದನ್ನು ಆಚಾರ್ಯರು ಪ್ರಮಾದಚರ್ಯೆ ಎಂದರು. ವ್ಯರ್ಥ ತಿರುಗಾಟವನ್ನೂ ಅದರಲ್ಲಿಯೇ ಸೇರಿಸಿದರು. ಪಿಸ್ಟನ್ ರಿಂಗು ಸವೆದು ನೀಲಿ ಹೊಗೆ ಕಾರುವ ವಾಹನವನ್ನು ಹಾಗೆಯೇ ಓಡಿಸುವುದು, ಬದಲಿಸಿದ ಎಂಜಿನ್ ಎಣ್ಣೆಯನ್ನು ಗ್ಯಾರೇಜಿನ ಹಿಂದಿನ ನೆಲಕ್ಕೆ ಸುರಿಯುವುದು, ಇವು ಮಿತವ್ಯಯದ ಹೆಸರಿನ ಪ್ರಮಾದವೇ ಸರಿ. ಆ ಎಣ್ಣೆಯ ಕೆಳಗೆ ಸಿಕ್ಕುವ ಇರುವೆ ಮೂರು ಇಂದ್ರಿಯಗಳ ಜೀವಿ. ನೀರುಗಾಲುವೆಗಳ ನಾಡಾದ ಸಿರುಗುಪ್ಪದ ಕಡೆ ಎಣ್ಣೆ ನೀರಿಗಿಳಿದರೆ ಗದ್ದೆಯವರೆಗೂ ಹೋಗುತ್ತದೆ. ಹೊಗೆಯ ವಿಷಯದಲ್ಲಿ 2020ರ ಏಪ್ರಿಲ್‌ನಿಂದ ಜಾರಿಯಾದ ಭಾರತ್ ಸ್ಟೇಜ್ 6ರ ಹೊಸ ಕಾರು ಕಾರ್ಬ್ಯುರೇಟರಿನ ಕಾಲದ ಮಾರುತಿ 800ಕ್ಕಿಂತ ಶುದ್ಧವೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ದಿನವಿಡೀ ಓಡುವ ವಾಹನಕ್ಕೆ ಈ ವಾದ ಬಲವಾದದ್ದು. ವಾರಕ್ಕೊಮ್ಮೆ ಕುರುಗೋಡಿಗೆ ಹೋಗಿಬರುವ ಕಾರಿಗೆ ಅಷ್ಟು ಬಲವಿಲ್ಲ.

ಸರ್ಕಾರದ ನಿಯಮವೂ ಹಳತನ್ನು ನಿಷೇಧಿಸಿಲ್ಲ. 1988ರ ಮೋಟಾರು ವಾಹನ ಕಾಯಿದೆಯಂತೆ 15 ವರ್ಷಗಳ ನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು.

ಹೆಚ್ಚು ಚಿಂತಿಸಬೇಕಾದದ್ದು ಕಾರು ಕೈಬದಲಾಗುವ ಬಗೆ. ನಗರದಲ್ಲಿ ಬೇಡವಾದ ಕಾರು ಇಲ್ಲವಾಗುವುದಿಲ್ಲ. ಸಿರುಗುಪ್ಪದಲ್ಲಿಯೋ ಕುರುಗೋಡಿನಲ್ಲಿಯೋ ಅದಕ್ಕೆ ಕೊಳ್ಳುವವರಿರುತ್ತಾರೆ. ಕೊಡಲಿ, ಕತ್ತಿ, ಗುದ್ದಲಿ, ಬೆಂಕಿಗಳನ್ನು ಅನ್ಯರ ಕೈಗೆ ಕೊಡುವುದು ಹಿಂಸಾದಾನವಾದರೆ, ಬ್ರೇಕು ಹಿಡಿಯದ, ಬೇಸಗೆಯ ಕಾವಿಗೆ ಟೈರು ಬಿರಿದ ಕಾರಿಗೆ ಬಣ್ಣ ಹೊಡೆಸಿ ಮಾರುವುದನ್ನು ಬೇರೇನೆಂದು ಕರೆಯಬೇಕು? ಹೊಸ ಕಾರು ಕೊಂಡೂ ಹಳೆಯದನ್ನು ಶೆಡ್ಡಿನಲ್ಲಿ ಉಳಿಸಿಕೊಂಡವರ ಮಾತಂತೂ ಸ್ಪಷ್ಟ: ಅಲ್ಲಿ ಪರಿಗ್ರಹ ಇಮ್ಮಡಿಯಾಯಿತು.

ಮುನಿಗಳು ಪಾದವಿಹಾರಿಗಳು, ಹಿಂದೆ ಚೌಕದ ಸಾಮಾನು ಹೊತ್ತು ಬರುವ ವಾಹನ ಶ್ರಾವಕರದು ಅಥವಾ ಬಸದಿಯ ಟ್ರಸ್ಟಿನದು. ಹೊಸ ವಾಹನ ದಾನ ಮಾಡಿ ಬಾಗಿಲ ಮೇಲೆ ಹೆಸರು ಬರೆಸುವ ದಾತೃಗಳು ದೊರೆಯುತ್ತಾರೆ, ಬ್ರೇಕ್ ಲೈನಿಂಗಿಗೆ ದಾತೃಗಳಿಲ್ಲ. ಟ್ರಸ್ಟಿನ ವಾರ್ಷಿಕ ಲೆಕ್ಕದಲ್ಲಿ ದುರಸ್ತಿಯ ಹಣ ಇತರೆ ವೆಚ್ಚಗಳಲ್ಲಿ ಕರಗಿಹೋಗುವ ಪದ್ಧತಿ ನಿಂತು, ಅದಕ್ಕೊಂದು ಪ್ರತ್ಯೇಕ ಶೀರ್ಷಿಕೆ ಬರಬೇಕು. ಹೊಸ ವಾಹನದ ಪ್ರಸ್ತಾಪ ಬಂದ ಸಭೆಯಲ್ಲಿ ಹಳೆಯದರ ದುರಸ್ತಿ ಪುಸ್ತಕವನ್ನು ಮೊದಲು ಓದಿಸಬೇಕು.