ಗಮಕವೆಂಬ ಒಂದು ಮಾತು

ಸಂಗೀತ ವಿಮರ್ಶೆ ಬರೆಯುವವನಿಗೆ ಓದುಗರು ಸಿಕ್ಕುವುದು ಅಪರೂಪ. ಸಿಕ್ಕಿ ಪ್ರಶ್ನೆ ಕೇಳುವುದು ಇನ್ನೂ ಅಪರೂಪ. ಅಂಥ ಒಂದು ಪ್ರಶ್ನೆ ನನ್ನನ್ನು ಹೂಲಿಯಲ್ಲಿ ಎದುರಿಸಿತು. ಸವದತ್ತಿಗೆ ಸಮೀಪದ ಈ ಊರಿಗೆ ನಾನು ಹೋದದ್ದು ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿಯನ್ನು ನೋಡಲೆಂದು. ಸಂಜೆಗೆ ಊರ ಭಜನಾ ಮೇಳದವರು ಕೂತಿದ್ದಲ್ಲಿ ನಾನೂ ಕೂತೆ. ನನ್ನ ಪರಿಚಯವಾದೊಡನೆ ಹಾರ್ಮೋನಿಯಂ ಹಿಡಿದಿದ್ದ ಹಿರಿಯರು ಒಳಗಿನಿಂದ ಹಳೆಯ ಪತ್ರಿಕೆಯೊಂದನ್ನು ತರಿಸಿದರು. ಧಾರವಾಡದಲ್ಲಿ ನಡೆದ ಒಂದು ಕಚೇರಿಯನ್ನು ಕುರಿತು ನಾನು ಬರೆದಿದ್ದ ಲೇಖನ ಅದರಲ್ಲಿತ್ತು.

“ಸಾಹೇಬ್ರ, ಇಲ್ಲಿ ‘ಗಮಕಯುಕ್ತವಾದ ಗಾಂಧಾರ’ ಅಂತ ಬರದೀರಿ. ಗಮಕ ಅಂದ್ರ ಭಾರತ ಓದೂದು ಅಂತ ನಾವು ತಿಳಕೊಂಡೀವ್ರಿ. ಅವರು ಭಾರತ ಎಲ್ಲಿ ಓದಿದ್ರು?”

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ, ಆದರೆ ಉತ್ತರ ಹೇಳಲು ಹೋದಾಗ ನಾಲಗೆ ತಡವರಿಸಿತು. ಹಿರಿಯರ ಮಾತು ತಪ್ಪಾಗಿರಲಿಲ್ಲ. ಕನ್ನಡದಲ್ಲಿ ಗಮಕವೆಂದರೆ ಮೊದಲಿಗೆ ಕಾವ್ಯವಾಚನವೇ. ಕವಿ, ಗಮಕಿ, ವಾದಿ, ವಾಗ್ಮಿ ಎಂಬ ನಾಲ್ವರಲ್ಲಿ ಗಮಕಿಗೆ ನಾವು ಎರಡನೆಯ ಮಣೆ ಹಾಕಿದ್ದೇವೆ. ಕುಮಾರವ್ಯಾಸನನ್ನು ಊರೂರಿಗೆ ಮುಟ್ಟಿಸಿದವನು ಅವನೇ. ಮೈಸೂರಿನ ಕಡೆಯ ವೀಣೆಯವರನ್ನು ಕೇಳಿದರೆ, ಗಮಕವೆಂದರೆ ಸ್ವರದಿಂದ ಸ್ವರಕ್ಕೆ ಜಾರುವ, ಅಲುಗುವ, ಒತ್ತುವ ಕುಸುರಿಯೆಲ್ಲವೂ ಎನ್ನುತ್ತಾರೆ. ಧಾರವಾಡದ ಖ್ಯಾಲ್ ಗಾಯಕರಿಗೆ ಅದು ಎದೆಯ ಬಲದಿಂದ ಸ್ವರವನ್ನು ಜೋರಾಗಿ ತೂರಾಡಿಸುವ ಒಂದು ಬಗೆ ಮಾತ್ರ. ಹೀಗೆ ಒಂದು ಮಾತು, ಮೂರು ಅರ್ಥ. ಮೂರೂ ಕರ್ನಾಟಕದೊಳಗೇ ಬಳಕೆಯಲ್ಲಿವೆ.

ನಾನು ಬರೆದದ್ದು ದರ್ಬಾರಿ ಕಾನಡಾದ ಗಾಂಧಾರವನ್ನು ಕುರಿತು. ಆ ರಾಗದಲ್ಲಿ ಕೋಮಲ ಗಾಂಧಾರ ಒಂದೆಡೆ ನಿಲ್ಲುವುದಿಲ್ಲ. ನಿಧಾನವಾಗಿ, ಭಾರವಾಗಿ ಅತ್ತಿತ್ತ ಸರಿಯುತ್ತದೆ. ಅದೇ ಆ ರಾಗದ ಜೀವ. ಹಿಂದುಸ್ತಾನಿ ಗಾಯಕರು ಇದನ್ನು ಗಮಕವೆನ್ನುವುದಿಲ್ಲ, ಆಂದೋಲನವೆನ್ನುತ್ತಾರೆ. ದಕ್ಷಿಣದಲ್ಲಿ ಕಲಿತ ಮಾತನ್ನು ನಾನು ಉತ್ತರದ ಹಾಡಿಕೆಗೆ ತೊಡಿಸಿದ್ದೆ.

ಆದರೂ ಪಂಡಿತನ ಮನಸ್ಸು ಬೇಗ ಸೋಲುವುದಿಲ್ಲ. ಮನೆಗೆ ಬಂದು ‘ಸಂಗೀತ ರತ್ನಾಕರ’ವನ್ನು ತೆರೆದೆ. 13ನೆಯ ಶತಮಾನದಲ್ಲಿ ಸೇವುಣರ ದೇವಗಿರಿಯಲ್ಲಿದ್ದ ಶಾರ್ಙ್ಗದೇವನ ಗ್ರಂಥ ಅದು. ಸವದತ್ತಿಯ ರಟ್ಟರ ನಾಡು ಸೇವುಣರ ಕೈಸೇರಿದ್ದೂ ಅದೇ ಶತಮಾನದಲ್ಲಿ. ಆದ್ದರಿಂದ ಹೂಲಿಗೆ ಆ ಗ್ರಂಥ ಅಷ್ಟೇನೂ ಪರಕೀಯವಲ್ಲ. ಕೇಳುವವನ ಚಿತ್ತಕ್ಕೆ ಸುಖವಾಗುವಂತೆ ಸ್ವರ ಕಂಪಿಸುವುದೇ ಗಮಕವೆಂದು ಅಲ್ಲಿ ಹೇಳಿ, ಅದರಲ್ಲಿ 15 ಬಗೆಗಳನ್ನು ಎಣಿಸಿದೆ. ಹಲವನ್ನು ಕಂಪನದ ವೇಗದಿಂದಲೇ ಬೇರ್ಪಡಿಸಿದೆ. ಆ 15ರಲ್ಲಿ ‘ಆಂದೋಲಿತ’ವೂ ಒಂದು! ಅಂದಮೇಲೆ ಶಾಸ್ತ್ರದ ನ್ಯಾಯಾಲಯದಲ್ಲಿ ನಾನು ನಿರ್ದೋಷಿ.

ಆದರೆ ಈ ಗೆಲುವು ನನಗೆ ಸಮಾಧಾನ ಕೊಡಲಿಲ್ಲ. ಏಕೆಂದರೆ ಆ ಸಂಜೆ ಹಿರಿಯರು ಇನ್ನೂ ಒಂದು ಮಾತು ಹೇಳಿದ್ದರು: “ನಾನೂ ಅವತ್ತ ಧಾರವಾಡಕ್ಕ ಬಂದಿದ್ನಿರಿ. ಹೆಸರು ನಮಗ ಗೊತ್ತಿಲ್ಲ. ಆ ಒಂದು ಸ್ವರ ಮಾತ್ರ ನಿಲ್ಲವಲ್ದಾಗಿತ್ತು. ತೊಟ್ಟಲಾ ತೂಗಿದಂಗ ತೂಗತಿತ್ತು. ಅದನ್ನ ನೀವು ಬರದಿಲ್ಲಲ್ರಿ?”

ಬರೆದಿದ್ದೆ, ಅದನ್ನೇ ಬರೆದಿದ್ದೆ. ಆದರೆ ಅದನ್ನು ಸ್ವತಃ ಕೇಳಿದವರೇ ನನ್ನ ವಾಕ್ಯದಲ್ಲಿ ಅದನ್ನು ಗುರುತಿಸಲಾರದೆ ಹೋದರು. ಆಂದೋಲನವೆಂದರೆ ತೂಗಾಟವೇ ಅಲ್ಲವೆ? ಶಾಸ್ತ್ರಕಾರನು ಸಂಸ್ಕೃತದಲ್ಲಿ ಹೇಳಿದ್ದನ್ನು ಇವರು ಹೂಲಿಯ ಕನ್ನಡದಲ್ಲಿ ಹೇಳಿದ್ದರು. ನಡುವೆ ನಿಂತ ನಾನು ಮಾತ್ರ ಇಬ್ಬರ ಭಾಷೆಯನ್ನೂ ಬಿಟ್ಟು, ಬಾಯಿಗೆ ಬಂದ ಘನವಾದ ಪದವೊಂದನ್ನು ಬಳಸಿದ್ದೆ.

ಪರಿಭಾಷೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಸಂಗೀತಗಾರರ ಮಾತುಗಳನ್ನು ಬಿಡಿಸಿ ನೋಡಿದರೆ ಅವುಗಳಲ್ಲಿ ಬಹಳಷ್ಟು ತೀರ ಸಾಮಾನ್ಯವಾದ ಮಾತುಗಳೇ. ತೀನ್‌ತಾಲದ 16 ಮಾತ್ರೆಗಳಲ್ಲಿ 9ನೆಯದು ‘ಖಾಲಿ’. ಅಲ್ಲಿ ತಟ್ಟುವ ಬದಲು ಕೈ ಬೀಸುತ್ತಾರೆ, ಅಷ್ಟೆ. ‘ಬಢತ್’ ಎಂದರೆ ಬೆಳವಣಿಗೆ. ‘ಆಮದ್’ ಎಂದರೆ ಬರುವಿಕೆ, ಹಾಡು ತಿರುಗಿ ಸಮ್‌ಗೆ ಬಂದು ಸೇರುವ ರೀತಿ. ಆಡುವವರ ಬಾಯಲ್ಲಿ ಇವು ಕೆಲಸದ ಮಾತುಗಳು. ನಮ್ಮ ಲೇಖನಗಳಲ್ಲಿ ಮಾತ್ರ ಅವು ಶಾಲು ಹೊದ್ದು ಬಂದು ಕೂಡುತ್ತವೆ.

ಈ ತೊಡಕು ಕನ್ನಡಿಗನಿಗೆ ಇತರರಿಗಿಂತ ಹೆಚ್ಚು. ಎರಡು ಪದ್ಧತಿಗಳೂ ಅವನ ಮನೆಯವೇ. ಮಲ್ಲಿಕಾರ್ಜುನ ಮನಸೂರರು ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತವನ್ನು ಕಲಿತು, ಆಮೇಲೆ ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನಿಗೆ ಹೊರಳಿದರು. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರು ಹಾಡುತ್ತಿದ್ದುದು ಕರ್ನಾಟಕ ಸಂಗೀತ. ಮಗಳು ಹೆಸರಾದದ್ದು ಕಿರಾಣಾ ಘರಾಣೆಯ ಖ್ಯಾಲಿನಲ್ಲಿ. ಆದರೆ ಒಂದೇ ಮನೆಯ ಎರಡು ಕೋಣೆಗಳಲ್ಲಿ ಪದಗಳ ಅರ್ಥ ಬೇರೆ. ದಕ್ಷಿಣದ ತೋಡಿಯ ಸ್ವರಗಳನ್ನು ಉತ್ತರದಲ್ಲಿ ಹುಡುಕಿದರೆ ಅವು ಸಿಕ್ಕುವುದು ಭೈರವಿಯಲ್ಲಿ. ಉತ್ತರದ ತೋಡಿಯ ಸ್ವರಗಳಿರುವುದು ದಕ್ಷಿಣದ ಶುಭಪಂತುವರಾಳಿಯಲ್ಲಿ. ಪಲ್ಲವಿಗೆ ಮುಂಚೆ ಬರುವ ‘ತಾನ’ವೇ ಬೇರೆ, ಖ್ಯಾಲಿನಲ್ಲಿ ಮಿಂಚಿನಂತೆ ಓಡುವ ‘ತಾನ್’ ಬೇರೆ. ಯಾವ ಕೋಣೆಯಲ್ಲಿ ನಿಂತು ಮಾತಾಡುತ್ತಿದ್ದೇನೆಂದು ವಿಮರ್ಶಕ ಹೇಳದಿದ್ದರೆ ಓದುಗನಿಗೆ ದಾರಿ ತಪ್ಪುತ್ತದೆ. ಹಾಗೆ ತಪ್ಪಿದವನು ತಪ್ಪು ತನ್ನದೇ ಎಂದುಕೊಂಡು, ‘ಶಾಸ್ತ್ರೀಯ ಸಂಗೀತ ನಮಗಲ್ಲ’ ಎಂದು ಪುಟ ಮಗುಚುತ್ತಾನೆ. ನಷ್ಟವಾಗುವುದು ಇಲ್ಲಿಯೇ. ಕಿವಿ ಒಪ್ಪಿಕೊಂಡದ್ದನ್ನು ನಮ್ಮ ಅಕ್ಷರ ಅವನಿಂದ ಕಿತ್ತುಕೊಂಡಂತಾಗುತ್ತದೆ.

ಆ ಲೇಖನವನ್ನು ಈಗ ಬರೆಯುವುದಾದರೆ ಹೀಗೆ ಬರೆಯುತ್ತಿದ್ದೆ: “ಗಾಂಧಾರವನ್ನು ಅವರು ನಿಲ್ಲಗೊಡದೆ ಮೆಲ್ಲಗೆ ತೂಗಿದರು. ಗಾಯಕರು ಇದಕ್ಕೆ ಆಂದೋಲನವೆನ್ನುತ್ತಾರೆ. ಆ ತೂಗಾಟ ಮುಗಿದು ಷಡ್ಜಕ್ಕೆ ಬಂದಿಳಿಯುವವರೆಗೆ ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ.” ವಾಕ್ಯ ಒಂದಿದ್ದುದು ಮೂರಾಯಿತು, ಸಂಪಾದಕರು ಸ್ಥಳವಿಲ್ಲವೆಂದು ಗೊಣಗಬಹುದು. ಆದರೆ ಮೊದಲು ಸ್ವರ, ಆಮೇಲೆ ಅದರ ಹೆಸರು ಎಂಬ ಕ್ರಮವನ್ನು ಬಿಟ್ಟುಕೊಡಲು ನಾನು ಇನ್ನು ಸಿದ್ಧನಿಲ್ಲ.

ಆ ರಾತ್ರಿ ಚರ್ಚೆ ಅಲ್ಲಿಗೇ ನಿಂತಿತು, ಏಕೆಂದರೆ ಭಜನೆಗೆ ಹೊತ್ತಾಗಿತ್ತು. ಹಿರಿಯರು ಪತ್ರಿಕೆಯನ್ನು ಮಡಚಿ ಬದಿಗಿಟ್ಟು, ಹಾರ್ಮೋನಿಯಮ್ಮನ್ನು ಪಕ್ಕದ ಹುಡುಗನ ಕಡೆಗೆ ಸರಿಸಿ, “ಕಪ್ಪು ಎರಡು ಹಿಡಿಯಪಾ” ಎಂದರು. ಹುಡುಗನ ಬೆರಳು ನೆಟ್ಟಗೆ ಹೋಗಿ ಆ ಮನೆಯ ಮೇಲೆ ಕೂತಿತು. ತಬಲಾದವನು ಸುತ್ತಿಗೆ ಎತ್ತಿಕೊಂಡು ಅದಕ್ಕೆ ಹೊಂದಿಸಿದ. ಎಲ್ಲರ ಕೊರಳೂ ಅಲ್ಲಿಗೇ ಬಂದು ಸೇರಿತು. ಆ ಮಾತಿನ ಅರ್ಥವೇನೆಂದು ಯಾರೂ ಯಾರನ್ನೂ ಕೇಳಲಿಲ್ಲ.